ಚಿಕ್ಕಪ್ಪ ನಿಲ್ಲಿಸಿದ ಕಾರು

ಯಾರೇ ಮನೆಗೆ ಬಂದರೂ ಮುನಿರಾಜ ಚಿಕ್ಕಪ್ಪ ಮೊದಲು ಕೇಳುತ್ತಿದ್ದುದು, "ಹ್ಯಾಂಡ್‌ಬ್ರೇಕ್ ಹಾಕ್ದಾ?" ಬಂದವರು ಸೈಕಲ್ಲಿನಲ್ಲಿ ಬಂದಿರಲಿ, ನಡೆದೇ ಬಂದಿರಲಿ. ಹೊಸಕೋಟೆಯಿಂದ ಚೆನ್ನೈಗೆ ಮೂವತ್ತು ವರ್ಷ ತರಕಾರಿ ಲಾರಿ ಓಡಿಸಿದವರು. ಗಾಡಿ ಓಡಿಸುವುದಕ್ಕಿಂತ ನಿಲ್ಲಿಸುವುದರಲ್ಲೇ ಅವರಿಗೆ ಹೆಮ್ಮೆ. ನನಗೆ ಕಾರು ಕಲಿಸಿದವರೂ ಅವರೇ. ನಲ್ಲೂರಿನ ಹುಣಸೆ ತೋಪಿನ ಬಳಿ ಏರಿನಲ್ಲಿ ಕಾರು ನಿಲ್ಲಿಸಿ, ಚಕ್ರದ ಹಿಂದೆ ತಮ್ಮ ಚಪ್ಪಲಿ ಇಟ್ಟು, "ಇದ್ರ ಮ್ಯಾಲೆ ಹತ್ಸಿದ್ರೆ ಹೊಸ ಜೊತೆ ಕೊಡಿಸ್ಬೇಕು ನೋಡವ್ವ" ಎನ್ನುತ್ತಿದ್ದರು. ಎರಡು ಜೊತೆ ಕೊಡಿಸಿದ್ದೇನೆ.

ಹೋದ ವರ್ಷ ಲಕ್ವ ಹೊಡೆದು ಅವರ ಎಡಗೈ, ಎಡಗಾಲು ಸೋತವು. ಕೋಲು ಹಿಡಿದು ಜಗಲಿಯವರೆಗೆ ಬರುವಷ್ಟಾದರು, ಅದರಾಚೆಗಿಲ್ಲ. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕೂರುವುದು ಅವರಿಂದಾಗದು. "ಮೂಟೆ ಥರ ಹೊತ್ಕೊಂಡೋಗ್ತೀರಾ ನನ್ನ?" ಎಂದು ಚಿಕ್ಕಮ್ಮನ ಮೇಲೆ ರೇಗಿ, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಬೀದಿಯಲ್ಲಿ ಲಾರಿ ಹೋದರೆ ಕಣ್ಣು ಮುಚ್ಚಿಕೊಂಡೇ ಅದು ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ.

ನಾನು ಹೊಸ ಕಾರು ತಂದ ಭಾನುವಾರ ಮಾತ್ರ ಕೋಲೂರಿಕೊಂಡು ಬೀದಿಗೆ ಬಂದರು. ಬಾಗಿಲು ತೆಗೆಸಿ ಒಳಗೆ ಇಣುಕಿದರು.

"ಎಲ್ಲೇ ಹ್ಯಾಂಡ್‌ಬ್ರೇಕ್ ಲಿವರು?"

"ಲಿವರ್ ಇಲ್ಲ ಚಿಕ್ಕಪ್ಪ. ಗೇರ್ ಹಿಂದೆ ಈ ಗುಂಡಿ ಇದ್ಯಲ್ಲ, ಇದನ್ನ ಬೆರಳಲ್ಲಿ ಮೇಲಕ್ಕೆತ್ತಿದ್ರೆ ಬ್ರೇಕ್ ಹಿಡ್ಕೊಳುತ್ತೆ. ಕಾಲಲ್ಲಿ ಬ್ರೇಕ್ ತುಳ್ಕೊಂಡು ಕೆಳಕ್ಕೆ ಒತ್ತಿದ್ರೆ ಬಿಡುತ್ತೆ. ಕ್ಲಚ್ಚೂ ಇಲ್ಲ."

ಆ ಗುಂಡಿಯನ್ನೇ ಬಹಳ ಹೊತ್ತು ನೋಡಿದರು. "ಒಂದು ಬೆಳ್ಳು ಸಾಕಾ?"

ಆ ದನಿಗೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ.

ಊರ ಪಕ್ಕದ ಚನ್ನರಾಯಪಟ್ಟಣದ ದಾರಿಯಲ್ಲಿ ಪಾಳು ಬಿದ್ದ ಲೇಔಟ್ ಒಂದಿದೆ. ರಸ್ತೆಗಳಿವೆ, ಮನೆಗಳಿಲ್ಲ. ತಪ್ಪೆಂದು ಗೊತ್ತಿದ್ದೂ ಅಲ್ಲಿ ಅವರನ್ನು ಸ್ಟೀರಿಂಗ್ ಮುಂದೆ ಕೂರಿಸಿ ಪಕ್ಕದಲ್ಲಿ ಕೂತೆ. ಒಂದೇ ಕೈಯಲ್ಲಿ ನಿಧಾನವಾಗಿ ಎರಡು ಸುತ್ತು ಹಾಕಿದರು. ಮೂರನೆಯ ಸಲ ಕೊನೆಯ ರಸ್ತೆಗೆ ತಿರುಗಿಸಿದರು. ಅದು ಇಳಿಜಾರು, ತುದಿಯಲ್ಲಿ ಮಣ್ಣು ತೆಗೆದ ದೊಡ್ಡ ಹಳ್ಳ. ನಾನು ಮರೆತಿದ್ದೆ. ಹಳ್ಳಕ್ಕೆ ಎರಡು ಮಾರು ಇರುವಾಗ ಬ್ರೇಕ್ ತುಳಿದರು. ಕಾರು ಮೂತಿ ತಗ್ಗಿಸಿ ನಿಂತಿತು.

ಅಲ್ಲಿಗೆ ಸಿಕ್ಕಿಹಾಕಿಕೊಂಡೆವು. ಅವರ ಬಲಗಾಲು ನಡುಗುತ್ತಿತ್ತು. ಅದು ಜಾರಿದರೆ ಕಾರು ಹಳ್ಳಕ್ಕೆ. ಬಲಗೈ ಸ್ಟೀರಿಂಗನ್ನು ಬಿಡಲೊಲ್ಲದು. ನಾನು ಗುಂಡಿಗೆ ಕೈ ಹಾಕಿದೆ.

"ಮುಟ್‌ಬ್ಯಾಡ!"

"ಚಿಕ್ಕಪ್ಪ, ಕಾಲು ನಡುಗ್ತಿದೆ..."

"ಗೊತ್ತೈತೆ. ಮುಟ್‌ಬ್ಯಾಡ ಅಂದೆ."

ತೊಡೆಯ ಮೇಲೆ ಬಿದ್ದಿದ್ದ ಎಡಗೈಯನ್ನು ಭುಜದ ಬಲದಿಂದಲೇ ಎಳೆದು ಗೇರಿನ ಹಿಂದಕ್ಕೆ ತಂದರು. ಜಾರಿತು. ಮತ್ತೆ ತಂದರು. ಕತ್ತಿನ ನರ ಉಬ್ಬಿ, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಕಾರು ಒಂದಡಿ ಜರುಗಿ ಮತ್ತೆ ನಿಂತಿತು. ಕೊನೆಗೆ ತೋರುಬೆರಳು ಗುಂಡಿಯ ಅಡಿಗೆ ಸೇರಿತು, ಬಾಗಿತು, ಎತ್ತಿತು. ಹಿಂದಿನ ಚಕ್ರಗಳ ಬಳಿ ಗುಂಯ್ ಎಂದು ಸಣ್ಣ ಸದ್ದಾಗಿ ಕೆಂಪು ದೀಪ ಹತ್ತಿತು.

"ಹಿಡ್ಕೊಂತಾ?"

"ಹಿಡ್ಕೊಂತು ಚಿಕ್ಕಪ್ಪ."

ಕಾಲು ತೆಗೆದರು. ಕಾರು ಅಲುಗಲಿಲ್ಲ. ಸ್ಟೀರಿಂಗಿಗೆ ಹಣೆ ಆನಿಸಿ ಕೂತುಬಿಟ್ಟರು. ಅತ್ತರೋ ಏನೋ, ನಾನು ಆ ಕಡೆ ನೋಡಲಿಲ್ಲ. ಆಮೇಲೆ ನಾನೇ ಕಾರು ಹಿಂದಕ್ಕೆ ತೆಗೆದು ಮನೆಗೆ ಕರೆತಂದೆ. ಇಳಿಯುವಾಗ "ನಿಮ್ ಚಿಕ್ಕಮ್ಮಂಗೆ ಹೇಳ್‌ಬ್ಯಾಡ" ಎಂದವರು, ಊಟಕ್ಕೆ ಕೂತಾಗ ತಾವೇ ಎಲ್ಲ ಹೇಳಿ ಬೈಸಿಕೊಂಡರು. ನನಗೂ ಬೈಸಿದರು.

ಮತ್ತೆಂದೂ ಓಡಿಸುತ್ತೇನೆ ಎನ್ನಲಿಲ್ಲ. ಅವರೆಕಾಯಿಯ ಕಾಲದಲ್ಲಿ ಕೊನೆಯ ಸಲ ಹೋದಾಗ ಜಗಲಿಯಲ್ಲಿ ಒಂದೇ ಕೈಯಲ್ಲಿ ಕಾಯಿ ಬಿಡಿಸುತ್ತಿದ್ದರು.

"ಭಾನುವಾರ ನಂದಗುಡಿಗೆ ಹೋಗಿ ನಮ್ಮಕ್ಕನ್ನ ನೋಡ್ಕೊಂಡ್ ಬರಣ. ನೀನೇ ಓಡ್ಸು. ನಾನು ಪಕ್ಕದಾಗೆ ಸುಮ್ಕೆ ಕೂತ್ಕಂತೀನಿ" ಎಂದರು. ಮುಖ ನೋಡಿದೆ, ತಮಾಷೆ ಇರಲಿಲ್ಲ.

ಗುರುವಾರ ಬೆಳಿಗ್ಗೆ ಚಿಕ್ಕಮ್ಮ ಕಾಫಿ ಹಿಡಿದು ಎಬ್ಬಿಸಿದರೆ ಏಳಲಿಲ್ಲ. ಅವರ ಅಕ್ಕನನ್ನು ಕರೆತರಲು ನಂದಗುಡಿಗೆ ನಾನೊಬ್ಬಳೇ ಹೋದೆ.