ಸೆನೈದಾ ಅವರ ಹಾಲುವಾಣದ ಗೂಟಗಳು

ಸೆನೈದಾ ಕೋತೊ ಅವರ ಮನೆಯಲ್ಲಿ ಯಾವುದನ್ನೂ ಎಸೆಯುವುದಿಲ್ಲ. ಮುರಿದ ಕೊಡೆಯ ಕಡ್ಡಿ, ಸೈಕಲ್ಲಿನ ಹಳೆ ರಿಮ್ಮು, ಕಾಫಿ ಚೀಲದ ದಾರ, ಹರಿದ ಕಾಲುಚೀಲ, ಎಲ್ಲವೂ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಡ್ರಮ್ಮಿಗೆ ಬೀಳುತ್ತವೆ. ಅಲ್ಲಿಂದ ಡೇಲಿಯಾ ಪಾತಿಗೆ ಹೋಗುತ್ತವೆ. ಡೇಲಿಯಾದ ದಂಟು ಒಳಗೆ ಟೊಳ್ಳು, ಹೂವು ಊಟದ ತಟ್ಟೆಯಷ್ಟು. ಮಳೆನೀರು ಕುಡಿದ ಹೂವು ಒಂದು ಬೀಸುಗಾಳಿಗೆ ಮುಖ ಅಡಿಯಾಗಿ ಕೆಸರಿಗೆ ಬೀಳುತ್ತದೆ. ಆಗಸ್ಟ್ ಹದಿನೈದು ಇಲ್ಲಿ ತಾಯಂದಿರ ದಿನ, ಎಲ್ಲರೂ ತಾಯಿಯ ಗೋರಿಗೆ ಹೂವಿಡುತ್ತಾರೆ. ಅಂದು ಸಾನ್ ಹೆರ್ವಾಸಿಯೊ ಊರಿನ ಸ್ಮಶಾನದಲ್ಲಿ ಯಾವುದಾದರೂ ಗೋರಿಯ ಮೇಲೆ ಕತ್ತು ಸೊಟ್ಟಗಾಗದ ಡೇಲಿಯಾ ಕಂಡರೆ ಅದು ಅವರ ಪಾತಿಯದು ಎಂದೇ ಲೆಕ್ಕ.

ಆ ಪಾತಿ ಯಾರದು ಎನ್ನುವುದೇ ಹನ್ನೊಂದು ವರ್ಷದ ಜಗಳ.

ಸೆನೈದಾ ಅವರ ಮಾವ ಸಾಯುವಾಗ ಜಮೀನನ್ನು ಇಬ್ಬರು ಗಂಡುಮಕ್ಕಳಿಗೆ ಬಾಯಿಮಾತಿನಲ್ಲಿ ಹಂಚಿದ್ದರು. ನಡುವಿನ ಬೇಲಿ ಕೊಳೆತು ಮಣ್ಣಾಗಿತ್ತು. ಸೆನೈದಾ ಅವರ ಗಂಡ ತೀರಿಕೊಂಡಾಗ ಸತ್ತವರಿಗಾಗಿ ಹೇಳುವ ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆ ಮುಗಿಯುವ ಮೊದಲೇ ಮೈದುನ ಎಲಾದಿಯೊ ಹೆಜ್ಜೆ ಹಾಕಿ ಜಾಗ ಅಳೆದರು. ತಮ್ಮ ಕಾಫಿ ತೋಟ ಅತ್ತಿಗೆಯ ಒಗೆಯುವ ಕಲ್ಲಿನವರೆಗೂ ಇದೆ ಎಂದರು. ಅಂದರೆ ನಡುವಿನ ಮೂರು ಹೆಜ್ಜೆ ಅಗಲದ ಪಾತಿ ಅವರದು. ಸೆನೈದಾ ಜಪಮಾಲೆ ಕೈಯಲ್ಲಿ ಹಿಡಿದೇ ಹೊರಬಂದು ಅವರನ್ನು ಪಾತಿಯಿಂದ ಆಚೆಗೆ ದಬ್ಬಿದರು.

ಈ ಬೆಟ್ಟದಲ್ಲಿ ನಾಯಿಯನ್ನೂ ಬಹುವಚನದಲ್ಲೇ ಕರೆಯುತ್ತಾರೆ. ಜಗಳವೂ ಹಾಗೆಯೇ ನಡೆಯಿತು. ಒಂದು ಬೆಳಿಗ್ಗೆ ಸೆನೈದಾ ಬಗ್ಗಿ ಗಿಡ ಕಟ್ಟುತ್ತಿದ್ದಾಗ ಎಲಾದಿಯೊ ಕಾಫಿ ಸಾಲಿನಲ್ಲಿ ನಿಂತು ಹೇಳಿದರು:

"ಅತ್ತಿಗೆ, ನಿಮ್ಮ ಸೊಂಟನೇ ನೆಟ್ಟಗಿಲ್ಲ. ಗಿಡ ನೆಟ್ಟಗೆ ಮಾಡ್ತೀರಾ?"

"ಸೊಂಟಕ್ಕೂ ಒಂದು ಗೂಟ ಇಟ್ಕೊಂಡಿದೀನಿ ಎಲಾದಿಯೊ. ನಿಮ್ಮ ನಾಲಿಗೆ ಕಟ್ಟೋಷ್ಟು ದಾರ ಮಾತ್ರ ಡ್ರಮ್ಮಲ್ಲಿಲ್ಲ."

ಹೋದ ವರ್ಷ ಮೇ ತಿಂಗಳಲ್ಲಿ ಎಲಾದಿಯೊ ಹೊಳೆದಂಡೆಯ ಬಿದಿರುಮೆಳೆಯನ್ನು ಬುಡಸಮೇತ ಕಡಿದು ಸುಟ್ಟರು. ಅತ್ತಿಗೆಯ ಗೂಟಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಮರುದಿನ ಕಾಫಿಗೆ ನೆರಳಾಗಿದ್ದ ಹಾಲುವಾಣದ ಮರಗಳನ್ನು ಸವರಿ, ಕೊಂಬೆಗಳನ್ನು ಡೇಲಿಯಾ ಪಾತಿಯ ಮೇಲೆ ಎಸೆದರು. ನಾಲ್ಕು ಗಿಡ ಮುರಿದವು.

ಸೆನೈದಾ ಕೊಂಬೆಗಳನ್ನು ವಾಪಸ್ ಎಸೆಯಲಿಲ್ಲ. ಎದೆಯೆತ್ತರಕ್ಕೆ ಇಪ್ಪತ್ತಮೂರು ಗೂಟ ಕಡಿದರು. ಗಾಳಿ ಬರುವ ಕಡೆಗೇ ಗೂಟ ನಿಲ್ಲಬೇಕು, ಗಿಡ ಅದರಿಂದ ದೂರಕ್ಕೆ ವಾಲಬೇಕು, ಇಲ್ಲದಿದ್ದರೆ ದಂಟು ಗೂಟಕ್ಕೆ ಉಜ್ಜಿ ಗಾಯವಾಗುತ್ತದೆ. ಗಾಳಿ ಬರುವುದು ಎಲಾದಿಯೊ ಅವರ ತೋಟದ ಕಡೆಯಿಂದ. ಹಾಗಾಗಿ ಗೂಟಗಳು ಪಾತಿಯ ಆ ತುದಿಯಲ್ಲಿ ಸಾಲಾಗಿ ನಿಂತವು. ಹಸಿ ಹಾಲುವಾಣ ಊರಿದರೆ ಬೇರು ಬಿಡುತ್ತದೆ. ನಮ್ಮಲ್ಲಿ ಬೇಲಿ ಎಂದರೆ ಅದೇ. ಆಸರೆಯ ಗೂಟ ಬೇರು ಬಿಡಬಾರದೆಂದು ತಲೆಕೆಳಗಾಗಿ ಊರುವುದು ಇಲ್ಲಿನ ರೂಢಿ. ಅವರೂ ಸಣ್ಣ ತುದಿಯನ್ನು ಮಣ್ಣಿಗಿಟ್ಟು, ದಪ್ಪ ಬುಡವನ್ನು ಮೇಲೆ ಮಾಡಿ ಊರಿದರು. ಕಾಲುಚೀಲದ ಪಟ್ಟಿಯಿಂದ ದಂಟಿಗೊಂದು, ಗೂಟಕ್ಕೊಂದು ಸಡಿಲ ಸುತ್ತು ಹಾಕಿದರು.

ಜುಲೈಯಲ್ಲಿ ಕಣ್ಣಿನ ಪೊರೆ ತೆಗೆಸಲು ಕಾರ್ತಾಗೊ ಪಟ್ಟಣಕ್ಕೆ ಹೋಗಿ ಮೂರು ದಿನ ಉಳಿದರು. ಹಿಂತಿರುಗಿದಾಗ, ಹೊಸ ಕಣ್ಣಿಗೆ ಮೊದಲು ಕಂಡದ್ದು ಗೂಟಗಳೇ. ಇಪ್ಪತ್ತಮೂರೂ ತಿರುಗಿದ್ದವು: ಬುಡ ಕೆಳಗೆ, ತುದಿ ಮೇಲೆ. ಕಾಲುಚೀಲದ ಪಟ್ಟಿ ಇರಲಿಲ್ಲ. ಸೆಣಬಿನ ಹಗ್ಗವಿತ್ತು, ನೊಗಕ್ಕೆ ಹಾಕುವ ಗಂಟಿತ್ತು. ಊರಲ್ಲಿ ಇನ್ನೂ ಎತ್ತು ಹೂಡುವವರು ಎಲಾದಿಯೊ ಒಬ್ಬರೇ. ಹಾಲುವಾಣ ಬೇರು ಬಿಟ್ಟರೆ ಡೇಲಿಯಾ ಗೆಡ್ಡೆ ಸಾಯುತ್ತದೆ ಎಂಬುದು ಅವರ ಲೆಕ್ಕ.

ಸೆನೈದಾ ಗೂಟಗಳನ್ನು ಕೀಳಲಿಲ್ಲ, ಯಾರಿಗೂ ದೂರು ಹೇಳಲಿಲ್ಲ. ಯಾಕೆ ಎಂದು ನಾನು ಕೇಳಿದಾಗ, ಮೈದುನರ ಕೈಯ ಗಂಟು ಅವರ ಬಾಯಿಗೇ ಬರಲಿ ಅಂತ ಕಾದೆ ಎಂದರು. ಆ ಆಗಸ್ಟಿನಲ್ಲಿ ಸ್ಮಶಾನಕ್ಕೆ ಹೋದದ್ದು ಒಂಬತ್ತೇ ಹೂವು.

ನವೆಂಬರಿನಲ್ಲಿ ಎಲಾದಿಯೊ ತಾವೇ ಭೂಮಾಪಕನನ್ನು ಕರೆಸಿದರು. ನೋಡಲು ಊರವರೂ ಸೇರಿದರು. ಆತ ಹೊರಗಿನ ಯುವಕ. ಕಾಗದ ಕೇಳಿದ, ಇರಲಿಲ್ಲ. ಹಾಗಾದರೆ ಬೇಲಿ ಎಲ್ಲಿದೆ ಎಂದ. ಪಾತಿಯಾಚೆ ಇಪ್ಪತ್ತಮೂರು ಹಾಲುವಾಣಗಳು ತೋಳುದ್ದ ಚಿಗುರಿ ಒಂದೇ ಗೆರೆಯಲ್ಲಿ ನಿಂತಿದ್ದವು. ಬೇಲಿ ನೆಟ್ಟವನು ತನ್ನ ಜಾಗದ ಕೊನೆಯನ್ನು ತಾನೇ ಹೇಳಿದ ಹಾಗೆ. ಈ ಬೆಟ್ಟದಲ್ಲಿ ಅದಕ್ಕೆ ಸಾಕ್ಷಿ ಬೇಡ.

ಎಲಾದಿಯೊ ಅದು ಬೇಲಿಯಲ್ಲ, ಅತ್ತಿಗೆಯ ಹೂವಿನ ಗೂಟ ಎಂದರು.

"ನನ್ನ ಗೂಟ ತಲೆಕೆಳಗಿರುತ್ತೆ, ಚಿಗುರಲ್ಲ," ಎಂದರು ಸೆನೈದಾ. "ಗಂಟು ನೋಡಿ. ನಾನು ಎತ್ತು ಕಟ್ಟಿದೋಳಲ್ಲ. ನೆಟ್ಟಿದ್ದು ಯಾರು ಅಂತ ನಮ್ಮ ಮೈದುನರನ್ನೇ ಕೇಳಿ."

ಕದ್ದು ಬಂದು ಗೂಟ ತಿರುಗಿಸಿದೆ ಎಂದು ಊರವರ ಮುಂದೆ ಒಪ್ಪಬೇಕು, ಇಲ್ಲವೇ ಬೇಲಿ ನೆಟ್ಟೆ ಎನ್ನಬೇಕು. ಎಲಾದಿಯೊ ಟೋಪಿ ತೆಗೆದರು, ಒಳಗೆ ನೋಡಿದರು, ಮತ್ತೆ ಹಾಕಿಕೊಂಡರು.

"ನಾನೇ ನೆಟ್ಟಿದ್ದು," ಎಂದರು.

ಯುವಕ ಬರೆದುಕೊಂಡ. ಪಾತಿ ಸೆನೈದಾ ಅವರದಾಯಿತು.

ಈಗ ಅಲ್ಲಿ ಡೇಲಿಯಾ ಚೆನ್ನಾಗಿ ಬರುವುದಿಲ್ಲ. ಹಾಲುವಾಣದ ಬೇರು ಅರ್ಧ ಪಾತಿ ತಿಂದಿದೆ. ಉಳಿದ ಗಿಡಗಳು ಬಿಸಿಲಿಗಾಗಿ ಒಗೆಯುವ ಕಲ್ಲಿನ ಕಡೆ ವಾಲುತ್ತವೆ. ಸೆನೈದಾ ಅವುಗಳನ್ನು ಕೊಡೆಕಡ್ಡಿಗೆ ಕಟ್ಟುತ್ತಾರೆ. ಮರಗಳು ಮನೆಯ ಸೂರಿನೆತ್ತರ ಬೆಳೆದು ಎಲಾದಿಯೊ ಅವರ ಎರಡು ಸಾಲು ಕಾಫಿಗೂ ಬಿಸಿಲು ತಪ್ಪಿಸಿವೆ. ನಾನು ಹೋದ ದಿನ ಅವರು ಬೇಲಿಯಾಚೆಯಿಂದ ಕೊಂಬೆ ಸವರಿಸಿ ಎಂದು ಕೂಗಿದರು. ಸೆನೈದಾ ಗಂಟು ಹಾಕುತ್ತಿದ್ದವರು ತಲೆ ಎತ್ತಲಿಲ್ಲ.

"ನೆಟ್ಟೋರೇ ಸವರ್ಕೊಳ್ಳಿ."