ಎಡಚಿಯ ಬಟ್ಟೆ ಪಂಜರ

ಎಡಚಿ ಎಂದು ಕರೆದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಹೆಸರು ಹಿಡಿದು ಕರೆದರೇ ತಿರುಗಿ ನೋಡಲು ತಡವಾಗುತ್ತಿತ್ತು. ದರ್ಜಿಯ ಮಗಳಾಗಿ ಹುಟ್ಟಿ ಕತ್ತರಿ ಹಿಡಿಯಲು ಬಾರದವಳು ಎಂದು ಬಂಧುಬಳಗವೆಲ್ಲ ಆಡಿಕೊಂಡಾಗ, ಅಪ್ಪ ಅಂಗಡಿ ಅಂಗಡಿ ಅಲೆದು ಎಡಗೈಯವರ ಕತ್ತರಿ ತಂದುಕೊಟ್ಟಿದ್ದ. ಅದೇ ಅಲಗು, ಅದೇ ತಿರುಪು, ಆದರೂ ಬಲಗೈ ಕತ್ತರಿಯ ಜಾಗಕ್ಕೆ ಎಡಗೈಯದು ಬಾರದು. ಈ ಸೋಜಿಗ ಅವಳ ತಲೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ.

ದೊಡ್ಡವಳಾಗಿ ರಸಾಯನಶಾಸ್ತ್ರದ ಪ್ರಯೋಗಾಲಯ ಸೇರಿದಳು. ಅಲ್ಲಿ ಅವಳು ಕಟ್ಟಿದ್ದು ಪಂಜರದಂಥ ಅಣುಗಳನ್ನು: ಮೇಲೊಂದು ಮುಚ್ಚಳ, ಕೆಳಗೊಂದು ತಳ, ನಡುವೆ ಓರೆಯಾಗಿ ಇಳಿಯುವ ಮೂರು ಪಟ್ಟಿ, ಒಳಗೆ ಇನ್ನೊಂದು ಪುಟ್ಟ ಅಣು ಅತಿಥಿಯಾಗಿ ಕೂರುವಷ್ಟು ಜಾಗ. ಪಟ್ಟಿಗಳು ಎಡಕ್ಕೆ ವಾಲಿದರೆ ಎಡಗೈ ಪಂಜರ, ಬಲಕ್ಕೆ ವಾಲಿದರೆ ಬಲಗೈ ಪಂಜರ. ಎಡಗೈಯವನ್ನೇ ಆರಿಸಿಟ್ಟರೂ ಕೆಲವು ದಿನಗಳಲ್ಲಿ ಅರ್ಧಕ್ಕರ್ಧ ಬಲಗೈಯಾಗಿರುತ್ತಿದ್ದವು. ಅಣು ಮುರಿಯುವುದಿಲ್ಲ, ಮಡಚಿಕೊಂಡು ಪಟ್ಟಿಗಳ ನಡುವಿನ ತನ್ನದೇ ಕಿಂಡಿಯಿಂದ ಒಳಮೈ ಹೊರಗಾಗುತ್ತದೆ ಎಂಬುದು ಅವಳ ವಾದ. ಹಿರಿಯ ಪರೀಕ್ಷಕರು ಸುತರಾಂ ಒಪ್ಪಿರಲಿಲ್ಲ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಅವರನ್ನು ಒಪ್ಪಿಸದಿದ್ದರೆ ಡಾಕ್ಟರೇಟ್ ಕೈತಪ್ಪುತ್ತಿತ್ತು.

ಚಿತ್ರ ಬರೆದು ಅಪ್ಪನಿಗೆ ಕೊಟ್ಟಳು. "ಅಪ್ಪಾ, ಇದನ್ನ ಬಟ್ಟೇಲಿ ಹೊಲಿದುಕೊಡು. ಪಟ್ಟಿ ಎಡಕ್ಕೇ ವಾಲ್ಬೇಕು."

"ಹೊಲಿಗೆ ನನಗೇ ಹೇಳ್ಕೊಡ್ತೀಯಾ?"

ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕೂತ. ಅವಳು ಎಲ್ಲರೆದುರು ಚೀಲದಿಂದ ಪಂಜರ ತೆಗೆದಳು. ಪಟ್ಟಿಗಳು ಬಲಕ್ಕೆ ವಾಲಿದ್ದವು!

"ಚಿತ್ರದಲ್ಲಿ ಎಡಕ್ಕಿದೆಯಲ್ಲಮ್ಮ?" ಎಂದರು ಹಿರಿಯ ಪರೀಕ್ಷಕರು.

ಅವಳು ಅಪ್ಪನತ್ತ ನೋಡಿದಳು. ಎಷ್ಟು ನೀಟಾಗಿದೆ ನೋಡು ಎಂಬಂತೆ ಅವನು ಬೀಗುತ್ತಿದ್ದ. ನಿಜ, ಎಲ್ಲೂ ಒಂದು ನೂಲು ಕಾಣುತ್ತಿರಲಿಲ್ಲ. ಆಗ ಹೊಳೆಯಿತು. ಚಿತ್ರದಲ್ಲಿದ್ದಂತೆಯೇ ಹೊಲಿದಿದ್ದಾನೆ, ಆಮೇಲೆ ಕೈ ಸುಮ್ಮನಿರದೆ, ಅಂಗಿಯ ತೋಳು ತಿರುಗಿಸುವಂತೆ ಒಳಗಿನದನ್ನು ಹೊರಗೆ ಮಾಡಿದ್ದಾನೆ. ಹೊಲಿಗೆಯ ಅಂಚು ಕಾಣುವಂತೆ ಕೊಟ್ಟರೆ ಅವನಿಗೆ ನಿದ್ದೆ ಹತ್ತೀತೇ!

ಅವಳಿಗೆ ನಗು ತಡೆಯಲಾಗಲಿಲ್ಲ. "ನೋಡ್ತಾ ಇರಿ ಸರ್" ಎಂದು ಕಿಂಡಿಯೊಳಗೆ ಕೈಹಾಕಿ, ಮುಚ್ಚಳ ಮಡಚಿ, ಪಟ್ಟಿಗಳನ್ನು ಒಂದೊಂದಾಗಿ ಹೊರಗೆಳೆದಳು. ಪಂಜರ ಎಡಕ್ಕೆ ವಾಲಿತು. "ಒಂದು ಹೊಲಿಗೇನೂ ಬಿಚ್ಚಲಿಲ್ಲ. ಪ್ರಯೋಗಾಲಯದ ನನ್ನ ಅಳತೆಗಳು ಹೇಳ್ತಿರೋದೂ ಇಷ್ಟೇ."

ಪರೀಕ್ಷಕರು ಪಂಜರ ಇಸಿದುಕೊಂಡು ತಾವೇ ತಿರುಗಿಸಿದರು, ಬಲ. ಮತ್ತೆ ತಿರುಗಿಸಿದರು, ಎಡ. ಅಳತೆಗಳನ್ನು ಇನ್ನೊಮ್ಮೆ ಪರದೆಯ ಮೇಲೆ ಹಾಕಿಸಿ, ಬಹಳ ಹೊತ್ತು ನೋಡಿ, "ಒಪ್ಪಿದೆ, ಡಾಕ್ಟರೇ" ಎಂದರು. ಕೋಣೆ ತುಂಬ ಚಪ್ಪಾಳೆ. ಅಪ್ಪನೊಬ್ಬ ಮಾತ್ರ ಮುಖ ಮುಚ್ಚಿಕೊಂಡಿದ್ದ.

"ಒಳಗಿನ ಅಂಚೆಲ್ಲ ದೊಡ್ಡೋರಿಗೆ ತೋರಿಸ್ಬಿಟ್ಟೆಯಲ್ಲ ಮಗಳೇ!" ಹೊರಗೆ ಬಂದದ್ದೇ ಗೋಳಾಡಿದ.

ಮನೆಗೆ ಹೋದವನು ಊಟಕ್ಕೂ ಏಳದೆ ಹೊಲಿಗೆ ಯಂತ್ರದ ಮುಂದೆ ಕೂತ. ಒಳಗಿನ ಅಂಚುಗಳನ್ನೂ ಮಡಚಿ ಹೊಲಿದು, ಎರಡೂ ಮೈ ಒಂದೇ ಥರ ನಯವಾಗಿಸಿ ಅವಳ ಮಡಿಲಿಗೆ ಹಾಕಿದ. ಅವಳ ಕಣ್ಣು ತುಂಬಿ ಬಂತು.

"ಅಳ್ಬೇಡ, ತಗೋ. ಇನ್ನು ಯಾವ ಕಡೆ ತಿರುಗಿಸಿದ್ರೂ ನಮ್ಮ ಮರ್ಯಾದೆ ಹೋಗಲ್ಲ."