ಮಾವನ ಕೊಬ್ಬರಿ, ಅಂಗಡಿಯ ರವೆ

ಸ್ನೇಹಿತರೇ, ಇವತ್ತು ಮನೆಯಲ್ಲಿ ರವೆ ಉಂಡೆ ಮಾಡಿದೆ. ನುಗ್ಗೇಹಳ್ಳಿಯ ನಮ್ಮ ತೋಟದ ಕೊಬ್ಬರಿಯನ್ನು ಮಾವನೇ ತಂದುಕೊಟ್ಟಿದ್ದರು. ತುರಿಯುವಾಗಲೇ ಅನುಮಾನ ಬಂತು.

"ಮಾವ, ಕಮಟು ವಾಸನೆ ಬರ್ತಿದೆ" ಎಂದೆ.

"ನಮ್ ತ್ವಾಟದ ಕೊಬ್ರಿ ಕಣವ್ವ. ಅದೆಂಗೆ ಕಮಟಾಗ್ತದೆ?"

ಒಂಚೂರು ತಿಂದು ನೋಡೋಣವೆಂದರೆ ಅತ್ತೆ ಕೈ ತಡೆದರು. "ದೇವ್ರಿಗೆ ಎಡೆ ಇಡೋಗಂಟ ಯಾರೂ ಬಾಯಿಗಾಕಂಗಿಲ್ಲ."

ಉಂಡೆ ಕಟ್ಟಿ ಎಡೆ ಇಟ್ಟೆವು. ಆಮೇಲೆ ಮಾವನಿಗೇ ಮೊದಲು ಕೊಟ್ಟೆ. ಕಚ್ಚಿದರು. ಅಗಿಯುವುದು ನಡುವೆಯೇ ನಿಂತಿತು. ಒಂದು ಲೋಟ ನೀರು ಕುಡಿದು ಹೇಗೋ ನುಂಗಿದರು.

"ರವೆ ಸರಿಯಿಲ್ಲ ಕಣವ್ವ. ಅಂಗಡೀದಲ್ವಾ?"

ಹೀಗೆ ತಪ್ಪು ರವೆಯದೆಂದು ತೀರ್ಮಾನವಾಗಿದೆ. ನಲವತ್ತು ಉಂಡೆ ಡಬ್ಬದಲ್ಲಿವೆ. ಎಲ್ಲರಿಗಿಂತ ಮೊದಲು ತಿಂದ ದೇವರು ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.